ಸಿಯಾಟಲ್‌ನ ಟೋಟೆಮ್ ಕಂಬ ಯಾರದು?

ಪ್ರಶ್ನೆ: ಮಗಳ ಮನೆಗೆಂದು ಸಿಯಾಟಲ್‌ಗೆ ಹೋಗಿದ್ದಾಗ ಪಯನಿಯರ್ ಸ್ಕ್ವೇರ್‌ ಎಂಬ ಚೌಕದಲ್ಲಿ ಎತ್ತರದ ಟೋಟೆಮ್ ಕಂಬವೊಂದನ್ನು, ಅಂದರೆ ಒಂದರ ಮೇಲೊಂದು ಆಕೃತಿಗಳನ್ನು ಕೆತ್ತಿದ ಮರದ ಕಂಬವನ್ನು, ಕಂಡೆ. ಅಂಗಡಿಗಳಲ್ಲೆಲ್ಲ ಅಂಥದೇ ಪುಟ್ಟ ಕಂಬಗಳು ಮಾರಾಟಕ್ಕಿದ್ದವು. ಒಂದು ಈಗ ನಮ್ಮ ಫ್ರಿಜ್ಜಿನ ಬಾಗಿಲಿಗೂ ಅಂಟಿಕೊಂಡಿದೆ. ಇದು ಆ ಊರಿನ ಮೂಲನಿವಾಸಿಗಳು ಪೂಜಿಸುತ್ತಿದ್ದ ಕಂಬವೇ? ಇಷ್ಟು ಆಧುನಿಕ ನಗರಕ್ಕೆ ಅದು ಗುರುತಾದದ್ದು ಹೇಗೆ?

ಉತ್ತರ: ಕಂಬ ಆ ಊರಿನದೂ ಅಲ್ಲ, ಪೂಜೆಯದೂ ಅಲ್ಲ. ಸಿಯಾಟಲ್ ನೆಲದ ಡುವಾಮಿಶ್, ಸುಕ್ವಾಮಿಶ್ ಜನರು ಮನೆಯೊಳಗಿನ ಆಧಾರಕಂಬಗಳನ್ನು ಕೆತ್ತುತ್ತಿದ್ದರೇ ಹೊರತು, ಬಯಲಿನಲ್ಲಿ ಒಂಟಿಯಾಗಿ ನಿಲ್ಲಿಸುವ ಇಂಥ ಕಂಬಗಳು ಅವರ ಸಂಪ್ರದಾಯವಾಗಿರಲಿಲ್ಲ. ಅವು ಬಹು ದೂರದ ಉತ್ತರ ಕರಾವಳಿಯವು. ನೀವು ನೋಡಿದ ಕಂಬದ ಮೂಲಪ್ರತಿಯನ್ನು ಅಲಾಸ್ಕಾದ ಟ್ಲಿಂಗಿಟ್ ಜನಾಂಗದ ಒಂದು ಕುಲದವರು, ನಾಸ್ ನದಿಯಲ್ಲಿ ಮುಳುಗಿ ತೀರಿಕೊಂಡ ತಮ್ಮ ಮನೆತನದ ಹೆಣ್ಣುಮಗಳೊಬ್ಬಳ ನೆನಪಿಗಾಗಿ ನಿಲ್ಲಿಸಿದ್ದರು. ತುದಿಯಲ್ಲಿ ಕೊಕ್ಕಿನಲ್ಲಿ ಚಂದ್ರನನ್ನು ಹಿಡಿದ ಕಾಗೆಯೂ ಅದರ ಕೆಳಗೆ ಕುಲದ ಕಥೆಗಳ ಇತರ ಪಾತ್ರಗಳೂ ಇವೆ. ನಮ್ಮಲ್ಲಿ ಹೋಲಿಕೆ ಹುಡುಕುವುದಾದರೆ ಗರುಡಗಂಬಕ್ಕಿಂತ ವೀರಗಲ್ಲೇ ಹತ್ತಿರ.

1899ರಲ್ಲಿ ಸಿಯಾಟಲ್‌ನ ಪ್ರಮುಖ ವರ್ತಕರು ಹಡಗೊಂದರಲ್ಲಿ ಅಲಾಸ್ಕಾಕ್ಕೆ ಸದ್ಭಾವನಾ ಯಾತ್ರೆ ಹೊರಟರು. ಟಾಂಗಾಸ್ ದ್ವೀಪದ ಹಳ್ಳಿಯ ಬಳಿ ಇಳಿದಾಗ ಅಲ್ಲಿನ ಹೆಚ್ಚಿನವರು ದುಡಿಮೆಗೆಂದು ಬೇರೆಡೆ ಹೋಗಿದ್ದರು. ಮರ ಕಡಿಯುವಂತೆ ಕಂಬವನ್ನು ಉರುಳಿಸಿ, ಸಾಗಿಸಲು ಭಾರವಾಯಿತೆಂದು ಗರಗಸದಿಂದ ಎರಡು ತುಂಡು ಮಾಡಿ ಹಡಗಿಗೇರಿಸಿದರು. ಸದ್ಭಾವನೆಯೆಂದರೆ ಇದು! ಅದೇ ಅಕ್ಟೋಬರ್ 18ರಂದು ಚೌಕದಲ್ಲಿ ಅದರ ಅನಾವರಣವೂ ನಡೆಯಿತು. ಎಂಟು ಮಂದಿಯ ಮೇಲೆ ಅಲಾಸ್ಕಾದಲ್ಲಿ ಕಳವಿನ ಆರೋಪ ದಾಖಲಾದರೂ, 500 ಡಾಲರ್ ತೆತ್ತ ಮೇಲೆ ಪ್ರಕರಣ ಮುಗಿದುಹೋಯಿತು.

ನಗರಕ್ಕೆ ಈ ಕಂಬ ಏಕೆ ಬೇಕಾಗಿತ್ತು? 1897ರಲ್ಲಿ ಅಲಾಸ್ಕಾದಾಚೆ ಕೆನಡಾದಲ್ಲಿರುವ ಕ್ಲೊಂಡೈಕ್‌ನ ಚಿನ್ನ ಹೊತ್ತ ಹಡಗು ಸಿಯಾಟಲ್ ಬಂದರಿಗೆ ಬಂದಂದಿನಿಂದ, ಗಣಿಗೆ ಹೊರಟವರಿಗೆ ಬೂಟು, ಹಿಟ್ಟು, ಗುದ್ದಲಿ ಮಾರಿಯೇ ಊರು ಬೆಳೆಯತೊಡಗಿತ್ತು. ಅಲಾಸ್ಕಾದ ಹೆಬ್ಬಾಗಿಲು ತಾನೇ ಎಂದು ಸಾರಿಕೊಳ್ಳಲು ಒಂದು ಗುರುತು ಬೇಕಿತ್ತು. ಕಂಬ ಆ ಕೆಲಸಕ್ಕೆ ಒದಗಿತು. ಅಂದರೆ ಅದು ಮೊದಲಿಗೆ ಹೇಳುತ್ತಿದ್ದುದು ನಗರದ ವ್ಯಾಪಾರ ಎಲ್ಲಿಯವರೆಗೆ ಚಾಚಿದೆ ಎಂಬುದನ್ನು. ಸ್ಥಳೀಯ ಮೂಲನಿವಾಸಿಗಳ ಗುರುತೆಂಬ ತಪ್ಪು ತಿಳಿವಳಿಕೆ ಪೋಸ್ಟ್‌ಕಾರ್ಡುಗಳಿಂದಲೂ ಸ್ಮರಣಿಕೆಗಳಿಂದಲೂ ಹಬ್ಬಿತು.

1938ರಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಮೂಲ ಕಂಬ ಹಾಳಾಯಿತು. ಅದರ ಪ್ರತಿಕೃತಿಯನ್ನು ಟ್ಲಿಂಗಿಟ್ ಕೆತ್ತನೆಗಾರರೇ ಕೆತ್ತಿಕೊಟ್ಟರು. ಈಗ ನಿಂತಿರುವುದು 1940ರಲ್ಲಿ ಎತ್ತಿದ ಆ ಕಂಬ.

ಸಿಯಾಟಲ್‌ನ ಹೆಸರಾಂತ ಗೋಪುರ ಸ್ಪೇಸ್ ನೀಡಲ್‌ನ ಬಳಿ ಇನ್ನೊಂದು ಕಂಬವಿದೆ. ವ್ಯಾಂಕೂವರ್ ದ್ವೀಪದ ನೂ-ಚಾ-ನುಲ್ತ್ ಜನಾಂಗದ ಜಾನ್ ಟಿ. ವಿಲಿಯಮ್ಸ್ ಅವರ ಮನೆತನ ತಲೆಮಾರುಗಳಿಂದ ಸಿಯಾಟಲ್‌ನಲ್ಲಿ ಇಂಥ ಪುಟ್ಟ ಕಂಬಗಳನ್ನು ಕೆತ್ತಿ ಮಾರುತ್ತಿತ್ತು. 2010ರಲ್ಲಿ, ಕೆತ್ತನೆಯ ಚಾಕು ಮತ್ತು ಮರದ ತುಂಡು ಹಿಡಿದು ರಸ್ತೆ ದಾಟುತ್ತಿದ್ದ ಅವರನ್ನು ಪೊಲೀಸ್ ಅಧಿಕಾರಿಯೊಬ್ಬ ಗುಂಡಿಕ್ಕಿ ಕೊಂದ. ಅಣ್ಣ ರಿಕ್ ಮುಂದಾಳತ್ವದಲ್ಲಿ ಕೆತ್ತಿದ ಸ್ಮಾರಕ ಕಂಬವನ್ನು 2012ರಲ್ಲಿ ಜನರು ಹೆಗಲು ಕೊಟ್ಟು ಕಡಲ ದಂಡೆಯಿಂದ ಹೊತ್ತು ತಂದು ಅಲ್ಲಿ ನಿಲ್ಲಿಸಿದರು. ಮುಂದಿನ ಸಲ ಹೋದಾಗ ಅದನ್ನೂ ನೋಡಿ ಬನ್ನಿ.