ಮ್ಯಾಪಿನ ಡೆಮೊ: ಬಟನ್ ತೋರಿಸ್ಬೇಕಾ, ಸುರಂಗ ತೋರಿಸ್ಬೇಕಾ?

ಪ್ರಶ್ನೆ: ನಾವು ನಾಲ್ಕೈದು ಜನ ಸೇರಿ ಲೀಫ್ಲೆಟ್ ಹೇಳುವ ಉಚಿತ ಕೋಡ್ ಲೈಬ್ರರಿಯಲ್ಲಿ ವೆಬ್ ಮ್ಯಾಪ್ ಮಾಡ್ಲಿಕ್ಕೆ ಕಲಿತಿದ್ದೇವೆ. ಊರಿನ ವಾಚನಾಲಯದಲ್ಲಿ ಕೃಷಿಕರಿಗೆ, ಪಂಚಾಯತ್ ಮೆಂಬರುಗಳಿಗೆ ಅರ್ಧ ಗಂಟೆ ಡೆಮೊ ಕೊಡ್ಲಿಕ್ಕುಂಟು. ಲೇಯರ್, ಹೀಟ್‌ಮ್ಯಾಪ್ (ಎಲ್ಲಿ ಹೆಚ್ಚು, ಎಲ್ಲಿ ಕಮ್ಮಿ ಅಂತ ಬಣ್ಣದಲ್ಲಿ ತೋರಿಸುವುದು), ದೂರ ಅಳೆಯುವುದು ಎಲ್ಲ ಹಾಕಿದ್ದೇವೆ, ಆದ್ರೆ ನೋಡಿದವರೆಲ್ಲ "ಇದು ಗೂಗಲ್ ಮ್ಯಾಪಲ್ಲೇ ಉಂಟಲ್ಲ" ಹೇಳ್ತಾರೆ. ಎಂತ ಮಾಡುವುದು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅವರು ಹೇಳಿದ್ದು ಸರಿಯೇ ಮಾರಾಯ್ರೆ. ಗೂಗಲ್‌ನಲ್ಲಿ ಇಲ್ಲದ್ದು, ಆದ್ರೆ ಎದುರು ಕೂತವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುವಂಥದ್ದು ಒಂದನ್ನು ಹಿಡೀರಿ. ನಮ್ಮ ಕಡೆ ಅದಕ್ಕೆ ಹುಡುಕಾಡ್ಲಿಕ್ಕೇ ಇಲ್ಲ, ಸುರಂಗ ಉಂಟಲ್ಲ, ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆ ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೆದು ನೀರು ತನ್ನಷ್ಟಕ್ಕೆ ಹರಿದು ಬರುವ ಹಾಗೆ ಮಾಡಿದ್ದು. "ಏಪ್ರಿಲ್‌ನಲ್ಲೂ ಯಾವ ಸುರಂಗದಲ್ಲಿ ನೀರುಂಟು?" ಇದೊಂದೇ ಪ್ರಶ್ನೆ ಇಟ್ಕೊಂಡು ಹತ್ತಿಪ್ಪತ್ತು ಸುರಂಗ ಹಾಕಿ, ನೀರಿದ್ದದಕ್ಕೆ ನೀಲಿ, ಬತ್ತಿದ್ದಕ್ಕೆ ಕೆಂಪು, ಒತ್ತಿದ್ರೆ ಜಾಗದ ಹೆಸರು, ಎಷ್ಟು ಕೋಲು ಉದ್ದ, ಯಾವ ತಿಂಗಳಿಗೆ ನೀರು ನಿಲ್ತದೆ, ಅಷ್ಟು ಕನ್ನಡದಲ್ಲಿ ಬರ್ಲಿ. ಹೀಟ್‌ಮ್ಯಾಪ್ ತೆಗೆದುಬಿಡಿ, ಅದು ನಿಮಗೆ ಚಂದ ಅಷ್ಟೆ. ಹಾಂ, ಸುರಂಗ ಇರುವುದು ಒಬ್ಬೊಬ್ಬರ ಜಾಗದಲ್ಲಿ, ಅವರನ್ನು ಕೇಳಿಯೇ ಹಾಕ್ಬೇಕು.

ಯಾರಾದ್ರೂ ಎದ್ದು "ಅದು ಅಲ್ಲಿ ಅಲ್ಲ, ತೋಡಿನ ಆಚೆ ಬದಿ" ಹೇಳಿಯೇ ಹೇಳ್ತಾರೆ. ಡೆಮೊದ ಜೀವ ಇರುವುದೇ ಅಲ್ಲಿ. ಅವರ ಎದುರೇ ಸರಿಮಾಡಿ. ಮಾರ್ಕರ್ ಎಳೆದು ಬಿಟ್ಟರೆ ಸಾಲದು, ಅದು ಸ್ಕ್ರೀನಲ್ಲಿ ಮಾತ್ರ, ಪೇಜ್ ರಿಫ್ರೆಶ್ ಆದ್ರೆ ವಾಪಸ್ ಹಳೇ ಜಾಗಕ್ಕೇ ಬರ್ತದೆ, ಹಾಗಾಗಿ ಒಬ್ಬರು ಪಕ್ಕದಲ್ಲಿ ಕೂತು ಜಿಯೋಜೇಸನ್ ಫೈಲಲ್ಲೇ (ಜಾಗಗಳ ಅಕ್ಷಾಂಶ, ರೇಖಾಂಶ, ವಿವರ ಬರೆದಿಟ್ಟ ಫೈಲ್) ತಿದ್ದಿ ಸೇವ್ ಮಾಡ್ಲಿ, ಆಮೇಲೆ ರಿಫ್ರೆಶ್ ಮಾಡಿ ತೋರಿಸಿ. ತಿದ್ದುವಾಗ ಜಾಗ್ರತೆ: ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಲೀಫ್ಲೆಟ್ ಮಾರ್ಕರ್‌ಗೆ ಅಕ್ಷಾಂಶ ಮೊದಲು. ನಮ್ಮ ಕಡೆಯ ಅಕ್ಷಾಂಶ ಸುಮಾರು 12.5, ರೇಖಾಂಶ 75, ಅದು ತಿರುಗಾಮುರುಗಾ ಆಯ್ತಾ, ಬಾಯಾರಿನ ಸುರಂಗ ನಾರ್ವೆಯ ಉತ್ತರದ ಸಮುದ್ರದಲ್ಲಿ!

ನೆಟ್ ನಂಬ್ಬೇಡಿ, ಮ್ಯಾಪನ್ನು ಮೊದಲೇ ಲ್ಯಾಪ್‌ಟಾಪಲ್ಲಿ ಇಟ್ಕೊಳ್ಳಿ. ಜನರೇ ಸೇರಿ ಮಾಡಿದ ಉಚಿತ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪ್, ಅದರ ಸರ್ವರಿಂದ ಟೈಲ್‌ಗಳನ್ನು (ಮ್ಯಾಪಿನ ಚೌಕ ಚೌಕ ಚಿತ್ರಗಳನ್ನು) ರಾಶಿ ರಾಶಿ ಇಳಿಸಿ ಇಟ್ಕೊಳ್ಲಿಕ್ಕೆ ಅವರು ಬಿಡುವುದಿಲ್ಲ, ಆದ್ರೆ ಡೇಟಾ ಇಳಿಸ್ಬಹುದು, ಅದನ್ನು ಕ್ಯೂಜಿಐಎಸ್ ಹೇಳುವ ಉಚಿತ ಮ್ಯಾಪ್ ಸಾಫ್ಟ್‌ವೇರಿಗೆ ಹಾಕಿ ನಿಮ್ಮದೇ ಟೈಲ್ ಮಾಡಿ ಲ್ಯಾಪ್‌ಟಾಪಲ್ಲಿ ಇಡಿ, ಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪಿನ ಹೆಸರು ಮಾತ್ರ ತೆಗೀಬೇಡಿ. ಲೀಫ್ಲೆಟ್ ಫೈಲುಗಳನ್ನೂ ಇಳಿಸಿಡಿ. ಮತ್ತೆ ಪೇಜನ್ನು ಡಬಲ್ ಕ್ಲಿಕ್ ಮಾಡಿ ತೆರೆದ್ರೆ ಬ್ರೌಸರ್ ಪಕ್ಕದ ಜಿಯೋಜೇಸನ್ ಓದ್ಲಿಕ್ಕೆ ಬಿಡ್ಲಿಕ್ಕಿಲ್ಲ, ಬರೀ ಮ್ಯಾಪ್ ಬರ್ತದೆ, ಚುಕ್ಕಿ ಇಲ್ಲ. ಪೈಥಾನಿನ ಸಣ್ಣ ಲೋಕಲ್ ಸರ್ವರ್ (ನಿಮ್ಮ ಲ್ಯಾಪ್‌ಟಾಪೇ ಫೈಲುಗಳನ್ನು ಬ್ರೌಸರಿಗೆ ಕೊಡುವ ವ್ಯವಸ್ಥೆ) ಓಡಿಸಿ, ಒಂದೇ ಸಾಲಿನ ಕಮಾಂಡ್.

ಮೆಂಬರು "ಖರ್ಚೆಷ್ಟು?" ಕೇಳ್ತಾರೆ. ಸಾಫ್ಟ್‌ವೇರಿಗೆ ದುಡ್ಡಿಲ್ಲ, ಆದ್ರೆ ಮುಂದಿನ ಬೇಸಗೆಗೆ ನೀಲಿ-ಕೆಂಪು ಬದಲಿಸ್ಲಿಕ್ಕೆ ಜನ ಬೇಕು ಅಂತ ನೇರ ಹೇಳಿ, ಕೈ ಎತ್ತಿದವರ ನಂಬರ್ ಅಲ್ಲೇ ಬರ್ಕೊಳ್ಳಿ.