ಕೊಳದ ಕಪ್ಪು ಕೆಸರಿಗೆ ಬ್ಯಾಕ್ಟೀರಿಯಾ ಪುಡಿ ಸಾಕೇ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು ಕಾಫಿ ತೋಟದೊಳಗಿನ ಅರ್ಧ ಎಕರೆ ಮೀನಿನ ಕೊಳ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಇವೆ. ತಳದಲ್ಲಿ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಬ್ಯಾಕ್ಟೀರಿಯಾ ಪುಡಿ ಎರಚಿದರೆ ಕೆಸರು ಕರಗುತ್ತದಂತೆ. ಹೌದೇ?

ಉತ್ತರ: ಪುಡಿಯ ಮಾತು ಆಮೇಲೆ. ಮೀನು ಬಾಯಿ ಬಿಡುತ್ತಿದೆ ಎಂದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ. ಇವತ್ತೇ ಮೇವು ನಿಲ್ಲಿಸಿ. ಹಳ್ಳದ ಹೊಸ ನೀರು ಬಿಡಿ, ಇಲ್ಲವೇ ನಡುರಾತ್ರಿಯಿಂದ ಬೆಳಗಾಗುವವರೆಗೆ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಓಡಿಸಿ. ಈ ಸ್ಥಿತಿಯಲ್ಲಿ ಬೆಲ್ಲದ ನೀರಿನಲ್ಲಿ ನೆನೆಸಿದ ಬ್ಯಾಕ್ಟೀರಿಯಾ ಸುರಿದರೆ ಅವೂ ಅದೇ ಆಮ್ಲಜನಕವನ್ನು ಬಳಸುತ್ತವೆ. ರಾತ್ರೋರಾತ್ರಿ ಮೀನು ಸಾಯಬಹುದು.

ಇನ್ನು ಕೆಸರು. ಮಳೆಗಾಲದಲ್ಲಿ ತೋಟದ ಇಳಿಜಾರಿನಿಂದ ಕೊಚ್ಚಿ ಬಂದ ಮಣ್ಣನ್ನು ಯಾವ ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ, ಅದನ್ನು ಎತ್ತಿಯೇ ಹಾಕಬೇಕು. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಅರಗಿಸುವುದು ಉಳಿದ ಮೇವು, ಮೀನಿನ ಹಿಕ್ಕೆ, ಸತ್ತ ಪಾಚಿ, ಉದುರಿದ ಎಲೆಯನ್ನು. ಹಾಗೆ ಅರಗುವಾಗ ಹೊರಬರುವ ಅಮೋನಿಯಾವನ್ನು ನೈಟ್ರೊಸೊಮೊನಾಸ್ ಎಂಬ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ನೈಟ್ರೊಬ್ಯಾಕ್ಟರ್ ಎಂಬ ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾದಲ್ಲಿರುವ 1 ಗ್ರಾಂ ಸಾರಜನಕ ಹೀಗೆ ಮಾರ್ಪಡಲು ಸುಮಾರು 4.6 ಗ್ರಾಂ ಆಮ್ಲಜನಕ, 7 ಗ್ರಾಂ ಕ್ಷಾರತೆ (ಹುಳಿಯಾಗದಂತೆ ನೀರನ್ನು ತಡೆಯುವ, ಸುಣ್ಣದಿಂದ ಸಿಗುವ ಗುಣ; ಲೆಕ್ಕ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ) ಖರ್ಚಾಗುತ್ತದೆ. ನಮ್ಮ ಮಲೆನಾಡಿನ ನೀರು ಮೆದು, ಮಣ್ಣು ಹುಳಿ. ಕ್ಷಾರತೆ ಮೊದಲೇ ಕಡಿಮೆ. ಪುಡಿ ಕೆಲಸ ಮಾಡಲಿಲ್ಲ ಎಂಬ ದೂರು ಬಂದ ಕಡೆಯೆಲ್ಲ ನಾನು ಮೊದಲು ಕೇಳುವುದು ಸುಣ್ಣದ ಬಗ್ಗೆಯೇ. ನೀರು ಪರೀಕ್ಷೆಯ ಕಿಟ್‌ನಲ್ಲಿ ಕ್ಷಾರತೆ ಅಳೆಯಿರಿ. ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕೃಷಿ ಸುಣ್ಣವನ್ನೋ ಡಾಲೊಮೈಟನ್ನೋ ಹಾಕಿ. ಮೀನಿರುವ ಕೊಳಕ್ಕೆ ಸುಟ್ಟ ಸುಣ್ಣ ಬೇಡ.

ಪಾರದರ್ಶಕ ಪೈಪೊಂದನ್ನು ತಳಕ್ಕೆ ಚುಚ್ಚಿ, ಮೇಲಿನ ಬಾಯನ್ನು ಅಂಗೈಯಿಂದ ಒತ್ತಿ ಹಿಡಿದು ನಿಧಾನವಾಗಿ ಎತ್ತಿ ನೋಡಿ. ಕೆಸರಿನ ಮೇಲೆ ತೆಳ್ಳಗೆ ಕಂದು ಪದರ ಕಂಡರೆ ಅಲ್ಲಿಗೆ ಆಮ್ಲಜನಕ ತಲುಪುತ್ತಿದೆ. ಪುಡಿಗೆ ದುಡ್ಡು ಹಾಕಬಹುದು. ಮೇಲಿನಿಂದಲೇ ಕಪ್ಪಾಗಿದ್ದರೆ ಹೈಡ್ರೋಜನ್ ಸಲ್ಫೈಡ್ (ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ) ನೇರ ನೀರಿಗೆ ಸೇರುತ್ತಿದೆ. ಆಗ ಕೆಸರು ಕಲಕಲು ಹೋಗಬೇಡಿ, ಏರೇಟರ್ ನಂಬಿ.

ಪುಡಿ ಹಾಕುವುದಾದರೆ ಬಿಸಿಲಿರುವ ಬೆಳಿಗ್ಗೆ, ಒದ್ದೆ ಮರಳಿಗೆ ಬೆರೆಸಿ ಎರಚಿ, ತಳಕ್ಕೆ ಇಳಿಯುತ್ತದೆ. ಬ್ಲೀಚಿಂಗ್ ಪೌಡರ್, ಪರ್ಮಾಂಗನೇಟ್ ಬಳಸಿದ್ದರೆ ಒಂದು ವಾರ ಬಿಡಿ. ಆದರೂ ಇದರಿಂದ ಅದ್ಭುತ ನಿರೀಕ್ಷಿಸಬೇಡಿ. ಕೊಳದ ಮಣ್ಣು, ನೀರಿನ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ಕ್ಲಾಡ್ ಬಾಯ್ಡ್ ಕೂಡ ಇಂಥ ಉತ್ಪನ್ನಗಳಿಂದ ಸ್ಪಷ್ಟ ಲಾಭ ಕಾಣಲಿಲ್ಲ ಎಂದೇ ಬರೆದಿದ್ದಾರೆ.

ನನ್ನ ಸಲಹೆ ಕೇಳಿದರೆ, ಮಾರ್ಚ್ ಏಪ್ರಿಲ್‌ನಲ್ಲಿ ಮೀನು ಹಿಡಿದ ಮೇಲೆ ಕೊಳ ಬಸಿದು, ತಳ ಬಿರುಕು ಬಿಡುವವರೆಗೆ ಒಣಗಿಸಿ. ಬಿರುಕಿನೊಳಗೆ ಗಾಳಿ ಆಡಿದರೆ ಮಣ್ಣಲ್ಲೇ ಇರುವ ಬ್ಯಾಕ್ಟೀರಿಯಾ ಕಾಸು ಖರ್ಚಿಲ್ಲದೆ ಕೆಲಸ ಮುಗಿಸುತ್ತವೆ. ಹೆಚ್ಚಿನ ಹೂಳನ್ನು ತೋಟಕ್ಕೆ ಹಾಕಿ, ತಳಕ್ಕೆ ಸುಣ್ಣ ಎರಚಿ, ಮರಿ ಬಿಡುವ ಎರಡು ವಾರ ಮೊದಲು ನೀರು ತುಂಬಿಸಿಕೊಳ್ಳಿ.