ಲೆ ಲಾಬೊ ಕಂಪನಿಯ 'ಪಚೌಲಿ 24' ಪರ್ಫ್ಯೂಮಿನ ಸ್ಯಾಂಪಲ್ ಹಚ್ಚಿದರೆ ಸುಟ್ಟ ಸೌದೆ, ಆಸ್ಪತ್ರೆ ವಾಸನೆ ಬರುತ್ತಿದೆ. ಅದರ ಗುಣವೇ ಹಾಗೋ, ನನಗೆ ಸಿಕ್ಕಿದ್ದು ನಕಲಿಯೋ?

ಅದರ ಗುಣವೇ ಹಾಗೆ. ಹೊಗೆಯೇ ಬಾರದೆ ಶುರುವಿನಿಂದಲೇ ಬರೀ ಸಿಹಿ ಬಂದಿದ್ದರೆ ಅನುಮಾನ ಪಡಬೇಕಿತ್ತು.

ಪಚೌಲಿ ಎಂದರೆ ನಮ್ಮ ಪಚ್ಚೆತೆನೆ. ಹೆಸರು ನಂಬಿ ಅದರ ಒದ್ದೆ ಮಣ್ಣಿನಂಥ ಕಂಪು ನಿರೀಕ್ಷಿಸಿದವರಿಗೆಲ್ಲ ಇದೇ ಗೊಂದಲ. ಪಚೌಲಿ ಇದೆ, ಆದರೆ ಹಿಂದಿನ ಸಾಲಿನಲ್ಲಿ. 24 ಅದರ ಪ್ರಮಾಣವೂ ಅಲ್ಲ. ಹೆಸರಿನ ಅಂಕಿ ಎಂದರೆ ಒಳಗಿನ ಘಟಕಗಳ ಎಣಿಕೆ ಎನ್ನುತ್ತದೆ ಕಂಪನಿ.

ಮುಂದೆ ನಿಂತಿರುವುದು ಬರ್ಚ್ ಟಾರ್ ಎಂಬ ಎಣ್ಣೆ. ಬರ್ಚ್ ಮರದ ತೊಗಟೆಯನ್ನು (ನಮ್ಮ ಭೂರ್ಜಪತ್ರದ ಮರವೂ ಇದೇ ಕುಲದ್ದು) ಗಾಳಿಯಾಡದ ಪಾತ್ರೆಯಲ್ಲಿ ಕಾಯಿಸಿದರೆ ಅದು ಉರಿಯದೆ ಕಪ್ಪು ಎಣ್ಣೆ ಬಿಡುತ್ತದೆ. ಪರ್ಫ್ಯೂಮಿಗೆ ಈ ಕಚ್ಚಾ ಎಣ್ಣೆಯನ್ನು ಬಳಸುವಂತಿಲ್ಲ. ಕ್ಯಾನ್ಸರ್‌ಕಾರಕ ಅಂಶಗಳನ್ನು ತೆಗೆದು ಶುದ್ಧಮಾಡಿದ್ದನ್ನಷ್ಟೇ ಬಳಸಬೇಕೆಂಬುದು ಸುಗಂಧೋದ್ಯಮದ ನಿಯಮ. ಇದರಲ್ಲಿ ಗ್ವಾಯಕಾಲ್, ಕ್ರೆಸಾಲ್‌ನಂಥ ಫೀನಾಲ್‌ಗಳಿವೆ (ಘಾಟು ವಾಸನೆಯ ರಾಸಾಯನಿಕಗಳು). ಗ್ವಾಯಕಾಲ್ ಸೌದೆಯ ಹೊಗೆಯಲ್ಲೂ ಇದೆ, ಹೊಗೆ ಹಾಕಿದ ಮಾಂಸದಲ್ಲೂ ಇದೆ. ಕ್ರೆಸಾಲ್ ಹಳೆಯ ಆಸ್ಪತ್ರೆಗಳ ನೆಲ ತೊಳೆಯುತ್ತಿದ್ದ ದ್ರಾವಣದ್ದು. ನಿಮ್ಮ ಮೂಗು ಎರಡನ್ನೂ ಸರಿಯಾಗಿಯೇ ಹಿಡಿದಿದೆ.

ಇದರಲ್ಲಿ ಬರುವ ಚರ್ಮದ (ಲೆದರ್) ವಾಸನೆಯೂ ಬರ್ಚ್ ಟಾರ್‌ನಿಂದಲೇ. ಸುಗಂಧಕಾರರು ಚರ್ಮದಿಂದ ಎಣ್ಣೆ ಇಳಿಸುವುದಿಲ್ಲ, ಬೇರೆ ವಸ್ತುಗಳಿಂದ ಆ ವಾಸನೆಯನ್ನು ಕಟ್ಟುತ್ತಾರೆ. ರಷ್ಯಾದಲ್ಲಿ ಹದಮಾಡಿದ ತೊಗಲಿಗೆ ನೀರು, ಹುಳು ತಾಗದಿರಲೆಂದು ಬರ್ಚ್ ಎಣ್ಣೆ ಉಣಿಸುತ್ತಿದ್ದರು; ಯುರೋಪಿನವರಿಗೆ ಈ ಘಾಟೆಂದರೆ ಒಳ್ಳೆಯ ಬೂಟು ಎಂದಾಯಿತು. ಚರ್ಮದ ವಾಸನೆ ಕಟ್ಟಲು ಇನ್ನೊಂದು ದಾರಿ ಐಸೊಬ್ಯೂಟೈಲ್ ಕ್ವಿನೊಲಿನ್ ಎಂಬ ರಾಸಾಯನಿಕ: ಹೊಗೆಯಿಲ್ಲ, ಹಸಿರು ಕಹಿ. 1944ರ ರಾಬರ್ ಪಿಗೆ ಕಂಪನಿಯ 'ಬಾಂದಿ' ಪರ್ಫ್ಯೂಮ್ ಅಂಥದ್ದು.

ಪಚೌಲಿ 24ರ ನಿಜವಾದ ಜಾಣತನ ಆಮೇಲೆ ತಿಳಿಯುತ್ತದೆ. 2006ರಲ್ಲಿ ಇದನ್ನು ಮಾಡಿದ ಸುಗಂಧಕಾರ್ತಿ ಆನಿಕ್ ಮೆನಾರ್ಡೊ 1998ರಲ್ಲೇ ಬುಲ್ಗರಿ ಕಂಪನಿಯ 'ಬ್ಲ್ಯಾಕ್' ಪರ್ಫ್ಯೂಮಿನಲ್ಲಿ ಹೊಗೆಚಹಾ, ರಬ್ಬರುಗಳ ಕೆಳಗೆ ವೆನಿಲ್ಲಾ ಇಟ್ಟಿದ್ದರು. ಇಲ್ಲೂ ತಳದಲ್ಲಿ ವೆನಿಲ್ಲಾ. ವೆನಿಲ್ಲಾದ ಕಂಪು ಕೊಡುವ ವೆನಿಲ್ಲಿನ್ ರಚನೆಯಲ್ಲಿ ಗ್ವಾಯಕಾಲ್‌ನ ನೆಂಟ. ಕಾರ್ಖಾನೆಗಳು ಗ್ವಾಯಕಾಲ್‌ನಿಂದಲೇ ಅದನ್ನು ತಯಾರಿಸುತ್ತವೆ. ಗ್ವಾಯಕಾಲ್ ಬೇಗ ಆರುತ್ತದೆ, ವೆನಿಲ್ಲಿನ್ ಗಂಟೆಗಟ್ಟಲೆ ಕೂರುತ್ತದೆ. ಹಾಗಾಗಿ ಹೊಗೆ ಎಲ್ಲಿ ಮುಗಿದು ಸಿಹಿ ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸುವುದು ಕಷ್ಟ. ನನ್ನ ಮಟ್ಟಿಗೆ ದುಡ್ಡು ಕೊಡಬೇಕಾದದ್ದು ಈ ಭಾಗಕ್ಕೆ. ಮೊದಲ ಹತ್ತು ನಿಮಿಷದ ಮೇಲೆ ತೀರ್ಪು ಕೊಟ್ಟವರಿಗೆ ಇದು ಸಿಗುವುದೇ ಇಲ್ಲ.

ಇನ್ನೊಮ್ಮೆ ಹೀಗೆ ನೋಡಿ. ಮುಂಗೈಗೆ ಒಂದೇ ಸ್ಪ್ರೇ. ಉಜ್ಜಬೇಡಿ, ಮೂಗನ್ನು ಚರ್ಮಕ್ಕೆ ಒತ್ತಬೇಡಿ, ಒಂದು ಗೇಣು ದೂರವಿರಲಿ. ಒಂದು ಗಂಟೆ ಕಳೆದ ಮೇಲೆ ಒಮ್ಮೆ, ಮೂರು-ನಾಲ್ಕು ಗಂಟೆ ಕಳೆದ ಮೇಲೆ ಇನ್ನೊಮ್ಮೆ ಮೂಸಿ. ಹೆಚ್ಚಿನವರು ಎಡವುವುದು ನಡುವೆ: ಮೂಗು ಹೊಗೆಗೆ ಒಗ್ಗಿಕೊಂಡು ವಾಸನೆ ಹೋಯಿತು ಅನಿಸುತ್ತದೆ, ಮತ್ತೆರಡು ಸ್ಪ್ರೇ ಹಾಕಿಕೊಳ್ಳುತ್ತಾರೆ, ಪಕ್ಕದ ಸೀಟಿನವರು ಕಿಟಕಿ ತೆಗೆಯುತ್ತಾರೆ. ಹೊರಗೆ ಹೋಗುವಾಗ ಎರಡು ಸ್ಪ್ರೇ ಧಾರಾಳ, ಮುಚ್ಚಿದ ಎಸಿ ಕೋಣೆಗೆ ಒಂದು. ಬಿಳಿ ಬಟ್ಟೆ, ರೇಷ್ಮೆಯ ಮೇಲೆ ಬೇಡ: ಕಲೆಯಾಗಬಹುದು, ಹೊಗೆಯೂ ಬಹಳ ದಿನ ಬಿಡುವುದಿಲ್ಲ.

ಹವೆಯೂ ಮುಖ್ಯ. ಮೈ ಕಾದಷ್ಟೂ ಹಗುರ ಅಣುಗಳು ಒಟ್ಟಿಗೇ ಏಳುತ್ತವೆ. ಏಪ್ರಿಲ್‌ನ ಮಂಗಳೂರಿನಲ್ಲಿ ಬರೀ ಘಾಟು ಕಾಣುವ ಇದೇ ಪರ್ಫ್ಯೂಮ್ ಡಿಸೆಂಬರ್‌ನ ಮಡಿಕೇರಿಯಲ್ಲಿ ಸಾವಧಾನವಾಗಿ ಬಿಚ್ಚಿಕೊಳ್ಳುತ್ತದೆ. ಸೆಕೆಯಲ್ಲಿ ಮೂಸಿ ತಳ್ಳಿಹಾಕಬೇಡಿ.

ನಾಲ್ಕು ಗಂಟೆ ಕಳೆದ ಮೇಲೂ ಹಿಡಿಸದಿದ್ದರೆ ದೊಡ್ಡ ಬಾಟಲಿ ಕೊಳ್ಳಬೇಡಿ. ನಿಮಗೆ ಬೇಕಿರುವುದು ಚರ್ಮದ ವಾಸನೆ ಮಾತ್ರ, ಹೊಗೆಯಲ್ಲ ಎಂದಾದರೆ ಟಾಮ್ ಫೋರ್ಡ್‌ನ 'ಟಸ್ಕನ್ ಲೆದರ್' ಸ್ಯಾಂಪಲ್ ತರಿಸಿ. ಅದರಲ್ಲಿ ಕೇಸರಿ, ರಾಸ್‌ಬೆರಿಗಳ ಜೊತೆ ಮೆತ್ತನೆಯ ಸ್ವೀಡ್ ಚರ್ಮದ ವಾಸನೆಯಿದೆ.